ಜೋಡಿ ಕಾರ್ಬ್ಯುರೇಟರ್ ಮತ್ತು ಕ್ರೋಶಾ ಕಡ್ಡಿ

ಕಾರಿನ ಹಿಂದಿನ ಸೀಟು ಜಯನಗರದ ನಮ್ಮ ಮನೆಯ ಜಗುಲಿಗೆ ಬಂದದ್ದು ಎಂಬತ್ತರ ದಶಕದ ಆರಂಭದ ಒಂದು ಭಾನುವಾರ. ನಮ್ಮ ಯಜಮಾನರೂ ಅವರ ಮೆಕ್ಯಾನಿಕ್ ಮೇಸ್ತ್ರಿಯೂ ಅದನ್ನು ಆ ತುದಿ ಈ ತುದಿ ಹಿಡಿದು, ಬೀಗರನ್ನು ಕೂರಿಸುವಷ್ಟು ಜೋಪಾನವಾಗಿ ಗೋಡೆಗೆ ಒರಗಿಸಿಟ್ಟರು. ಸೀಟು ತೆಗೆದರೆ ಕಾರು ಹಗುರ, ಹಗುರವಾದರೆ ಓಟ ಜಾಸ್ತಿ ಎಂಬುದು ಅವರ ವಾದ. ಅತ್ತೆ ಮೊರದ ತುಂಬ ಮೆಂತ್ಯದ ಸೊಪ್ಪು ಹಿಡಿದು ಹೊರಗೆ ಬಂದರು. ಸೀಟನ್ನೊಮ್ಮೆ ನೋಡಿದರು, ಮಗನನ್ನೊಮ್ಮೆ ನೋಡಿದರು. ಆಮೇಲೆ ಅದರ ಮೇಲೆಯೇ ಕೂತು ಸೊಪ್ಪು ಬಿಡಿಸತೊಡಗಿದರು.

"ಕಾರೊಳಗಂತೂ ನನಗೆ ಜಾಗ ಇಲ್ಲ ಅಂತಾಯ್ತು. ಇಲ್ಲೇ ಕೂತ್ಕೋತೀನಿ. ಯಾವಾಗ ಹೊರಡತ್ತೆ ಈ ಜಗುಲಿ?"

ಆಗ ಬೀದಿಯಲ್ಲಿ ಓಡುತ್ತಿದ್ದ ಕಾರುಗಳಲ್ಲಿ ಹೆಚ್ಚುಕಡಿಮೆ ಎರಡೇ ಬಗೆ. ದೊಡ್ಡದು, ಚಿಕ್ಕದು. ನಮ್ಮದು ಚಿಕ್ಕದು, ಕೆನೆಬಣ್ಣದ್ದು, ತೀರಿಕೊಂಡ ಮಾವನವರದು. ಅವರು ಅದನ್ನು ಓಡಿಸುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ. ತಿರುವು ಇನ್ನೂ ಅಷ್ಟು ದೂರವಿರುವಾಗಲೇ ಕೈ ಹೊರಗೆ ಚಾಚುವರು. ಸೈಕಲ್ಲಿನವರು ಬೆಲ್ ಮಾಡಿಕೊಂಡು ನಮ್ಮನ್ನು ದಾಟಿ ಹೋಗುವರು. ಅಂಥ ಕಾರನ್ನು ಇವರು ಊರಾಚೆಯ ಹಳೆಯ ಏರ್‌ಸ್ಟ್ರಿಪ್ಪಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ರೇಸಿಗೆ ಒಯ್ಯುತ್ತಿದ್ದರು. ಎರಡು ವರ್ಷ ಒಯ್ದು ಎರಡು ವರ್ಷವೂ ಕೊನೆಯವರಾಗಿ ಬಂದಿದ್ದರು. ಈಗ ಬರೀ ಓಡಿಸುವುದಲ್ಲ, ಕಾರನ್ನೇ ಬಿಚ್ಚಿ ಹೊಸದು ಮಾಡಲು ಹೊರಟಿದ್ದರು.

ಸೊಪ್ಪು ಬಿಡಿಸುತ್ತಲೇ ಅತ್ತೆ ತೀರ್ಪು ಕೊಟ್ಟರು. "ನೋಡಪ್ಪ, ಇದು ನಿಮ್ಮಪ್ಪನ ಕಾರು. ಈ ಸಲ ಮೊದಲ ಮೂವರಲ್ಲಿ ಬಂದ್ಯೋ, ಸರಿ, ನಾನು ಬಾಯಿ ಬಿಡಲ್ಲ. ಇಲ್ದಿದ್ರೆ ಬಿಚ್ಚಿದ್ದನ್ನೆಲ್ಲ ಮೊದಲಿನ ಹಾಗೇ ಜೋಡಿಸಿ, ಅವರು ಓಡಿಸ್ತಿದ್ದ ಹಾಗೇ ಓಡಿಸ್ಬೇಕು. ರೇಸು ಗೀಸು ಎಲ್ಲ ಬಂದ್."

"ಆಯ್ತಮ್ಮ," ಎಂದರು ಇವರು, ಅಷ್ಟು ಬೇಗ ಒಪ್ಪಿಕೊಂಡದ್ದು ನೋಡಿ ನನಗೇ ಗಾಬರಿಯಾಯಿತು. ರೇಸು ನಿಂತುಹೋದರೆ ಈ ಮನುಷ್ಯ ಭಾನುವಾರಗಳನ್ನು ಏನು ಮಾಡಿಯಾರು? ಪೇಪರು ಓದಿ ಮಲಗುವ ಗಂಡ ನನಗೆ ಬೇಕಿರಲಿಲ್ಲ. ಕೈಗೆಲ್ಲ ಗ್ರೀಸು ಮೆತ್ತಿಕೊಂಡು, ಕಣ್ಣಲ್ಲಿ ದೀಪ ಹಚ್ಚಿಕೊಂಡು, "ನೋಡೇ ಇಲ್ಲಿ!" ಎಂದು ಅಡುಗೆಮನೆಯ ಬಾಗಿಲಿಗೆ ಬರುವವರೇ ಬೇಕಿತ್ತು.

ಮೇಸ್ತ್ರಿಯ ಶೆಡ್ಡು ಕತ್ರಿಗುಪ್ಪೆಯಲ್ಲಿ, ಅವರ ಮನೆತನದ ರಾಗಿ ಹೊಲದ ಅಂಚಿನಲ್ಲಿತ್ತು. ಇಂಜಿನ್ನಿನ ಶಬ್ದಕ್ಕೆ ಹೊಲದ ಗುಬ್ಬಿಗಳು ಒಟ್ಟಿಗೇ ಏಳುತ್ತಿದ್ದವು. ಗುಜರಿಯಲ್ಲಿ ಹುಡುಕಿ ತಂದ ಎರಡು ಕಾರ್ಬ್ಯುರೇಟರುಗಳನ್ನು ಅಲ್ಲಿ ಸೀಮೆಎಣ್ಣೆಯಲ್ಲಿ ತೊಳೆದು ಪೇಪರಿನ ಮೇಲೆ ಒಣಗಿಸಿದ್ದರು. ಗಾಳಿ, ಪೆಟ್ರೋಲು ಎರಡನ್ನೂ ಬೆರೆಸಿ ಇಂಜಿನ್ನಿಗೆ ಕುಡಿಸುವುದು ಕಾರ್ಬ್ಯುರೇಟರಿನ ಕೆಲಸವಂತೆ. ಒಂದಿದ್ದ ಕಡೆ ಎರಡಾದರೆ ಹೊಟ್ಟೆ ತುಂಬ ಕುಡಿಯುತ್ತದೆ. ಅವುಗಳನ್ನು ಇಂಜಿನ್ನಿಗೆ ಕೂಡಿಸುವ ಕೊಳವೆಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಹೊಸದಾಗಿ ಮಾಡಿಸಿದ್ದರು. ಕೊಳವೆಗೂ ಇಂಜಿನ್ನಿಗೂ ನಡುವೆ ಗಾಳಿ ಸೋರದಂತೆ ದಪ್ಪ ಕಾಗದದ ಒಂದು ಪ್ಯಾಕಿಂಗ್ ಕತ್ತರಿಸಿ ಕೂರಿಸಬೇಕು. ಮೇಸ್ತ್ರಿ ಮೂರು ಕತ್ತರಿಸಿದರು, ಮೂರೂ ಹರಿದವು.

"ಕತ್ತರಿ ಕೆಲಸ ಅಲ್ವಾ, ನಾನು ಮಾಡ್ಲಾ?" ಎಂದೆ.

ಮೇಸ್ತ್ರಿ ಇವರ ಮುಖ ನೋಡಿದರು. ಇವರು ನನ್ನ ಮುಖ ನೋಡಿದರು.

"ಬ್ಲೌಸ್ ಅಲ್ಲ ಮೇಡಂ ಇದು."

"ಬ್ಲೌಸ್ ಇನ್ನೂ ಕಷ್ಟ ಮೇಸ್ತ್ರಿ. ಅದು ಉಸಿರಾಡೋ ಮೈ ಮೇಲೆ ಕೂರಬೇಕು."

ಕಾನ್ವೆಂಟಿನಲ್ಲಿ ನನಗೆ ಕಸೂತಿ ಕಲಿಸಿದ ಸಿಸ್ಟರ್ ತುಂಬ ಕಟ್ಟುನಿಟ್ಟು. ಬಟ್ಟೆಯ ಮುಂಬದಿಯನ್ನು ಅವರು ನೋಡುತ್ತಲೇ ಇರಲಿಲ್ಲ. ಕೈಗೆ ತೆಗೆದುಕೊಂಡೊಡನೆ ಮಗುಚುವರು, ಹಿಂಬದಿಯಲ್ಲಿ ಒಂದು ಗಂಟು ಕಂಡರೂ ಬಿಚ್ಚಿಸುವರು. ಆ ಅಭ್ಯಾಸದಲ್ಲೇ ನಾನು ಒಂದು ತೆಳು ಕಾಗದವನ್ನು ಇಂಜಿನ್ನಿನ ಮುಖಕ್ಕೆ ಒತ್ತಿ, ಎಣ್ಣೆ ಬೆರಳಿನಿಂದ ಉಜ್ಜಿ ತೂತಿನ ಅಚ್ಚು ತೆಗೆದೆ. ಇನ್ನೊಂದರಲ್ಲಿ ಕೊಳವೆಯ ಅಚ್ಚು ತೆಗೆದೆ. ಎರಡನ್ನೂ ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿದೆ. ತೂತುಗಳು ಒಂದಕ್ಕೊಂದು ಕೂತಿರಲಿಲ್ಲ. ಒಂದು ಕಡೆ, ಕತ್ತರಿಸಿದ ಉಗುರಿನಷ್ಟು, ಕೊಳವೆಯ ಅಂಚು ಒಳಗೆ ಚಾಚಿತ್ತು.

"ಏನ್ರೀ, ಇಲ್ಲೊಂದು ಮೆಟ್ಟಿಲಿದೆ. ತೋಳಿಗೂ ಕಂಕುಳಿಗೂ ಅಳತೆ ತಪ್ಪಿದ್ರೆ ಬಟ್ಟೆ ಮುದುಡತ್ತಲ್ಲ, ಹಾಗೆ ಗಾಳಿನೂ ಇಲ್ಲಿ ಮುದುಡಲ್ವಾ?"

ಇವರು ಕಾಗದವನ್ನು ಕಸಿದುಕೊಂಡು ನೋಡಿದರು. ನೋಡುತ್ತಾ ನೋಡುತ್ತಾ ಕಿವಿ ಕೆಂಪಾಯಿತು. ಖುಷಿಯಾದಾಗ ಅವರಿಗೆ ಮೊದಲು ಕಿವಿ ಕೆಂಪಾಗುತ್ತದೆ.

"ಮೇಸ್ತ್ರಿ, ಅರ ಕೊಡಿ!"

"ಸಾರ್, ಗುರುಗಳು ಮನೇಲೇ ಇದ್ರಲ್ಲ, ಮೊದಲೇ ಕರ್ಕೊಂಡು ಬರೋದಲ್ವಾ?" ಎಂದು ಮೇಸ್ತ್ರಿ ನಕ್ಕರು.

ಅವತ್ತಿಡೀ ಆ ಅಂಚನ್ನು ಅರದಿಂದ ಉಜ್ಜಿ, ಎಮೆರಿ ಕಾಗದದಿಂದ ನುಣುಪು ಮಾಡಿದರು. ಪ್ರತಿ ಸಲವೂ ನಾನು ಕಿರುಬೆರಳು ಹಾಕಿ ಒಳಗೆ ಸುತ್ತಿಸಿ ನೋಡಬೇಕು, ತಡೆದರೆ ತಲೆ ಆಡಿಸಬೇಕು. ತಡೆಯದ ಆ ಕ್ಷಣ ಇದೆಯಲ್ಲ, ಬೆರಳು ರೇಷ್ಮೆಯ ಮೇಲೆ ಹೋದ ಹಾಗೆ ಹೋಯಿತು! "ಆಯ್ತು!" ಎಂದು ನಾನು ಕೂಗಿದ ಕೂಗಿಗೆ ಗುಬ್ಬಿಗಳು ಮತ್ತೊಮ್ಮೆ ಎದ್ದವು. ಆ ಅಚ್ಚಿನ ಮೇಲೇ ನಾನು ಕತ್ತರಿಸಿದ ಪ್ಯಾಕಿಂಗ್ ಹರಿಯದೆ ಕೂತಿತು.

ಕಾರಿನ ಪರೀಕ್ಷೆಗೆ ಜೆ.ಪಿ. ನಗರದ ಕಡೆ ಆಗ ಹೊಸದಾಗಿ ಹಾಕಿದ್ದ ರಸ್ತೆಗಳು. ಮನೆಗಳೇ ಇಲ್ಲ, ಬರೀ ಸೈಟು ಕಲ್ಲುಗಳು, ನಡುವೆ ಹುಲ್ಲು ಮೇಯುವ ಎಮ್ಮೆಗಳು. ಬೆಳಿಗ್ಗೆ ಆರೂವರೆಗೆ ಮೇಸ್ತ್ರಿ ಆ ತುದಿಯ ಆಲದ ಮರದ ಕೆಳಗೆ ಕೆಂಪು ವಸ್ತ್ರ ಹಿಡಿದು ನಿಲ್ಲುವರು. ನಾನು ಮುಂದಿನ ಸೀಟಿನಲ್ಲಿ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತಾ ಕೂರುವೆ. ಹಿಂದಿನ ವಾರ, ಹಳೆಯ ಒಂಟಿ ಕಾರ್ಬ್ಯುರೇಟರಿನಲ್ಲಿ, ಆಲದ ಮರ ಮುಟ್ಟಲು ಇಪ್ಪತ್ತಾರು ಸೆಕೆಂಡು ಹಿಡಿದಿತ್ತು.

"ರೆಡಿನಾ?"

"ಹ್ಞೂಂ."

ಕಾರು ಒಮ್ಮೆ ಕುಗ್ಗಿ ನೆಗೆಯಿತು. ನನ್ನ ಬೆನ್ನು ಸೀಟಿಗೆ ಅಂಟಿತು, ಜಡೆ ಹಿಂದಕ್ಕೆ ಹಾರಿತು. ಮೊದಲು ಗೊರಗೊರ ಎನ್ನುತ್ತಿದ್ದ ಇಂಜಿನ್ ಈಗ ಒಂದೇ ಉಸಿರಿನಲ್ಲಿ ಮೇಲೇರುತ್ತಾ ಹಾಡುತ್ತಿತ್ತು. ಸೈಟು ಕಲ್ಲುಗಳು ಒಂದಕ್ಕೊಂದು ಸೇರಿ ಬಿಳಿ ಗೆರೆಯಾದವು. ಕಾನ್ವೆಂಟಿನಲ್ಲಿ ಹತ್ತು ವರ್ಷ ಕಾರಿಡಾರಿನಲ್ಲಿ ಓಡಬಾರದು ಎಂದು ಕೇಳಿಸಿಕೊಂಡೇ ಬೆಳೆದವಳು ನಾನು. ಆ ಹತ್ತು ವರ್ಷದ ಓಟವೆಲ್ಲ ಆ ಒಂದು ರಸ್ತೆಯಲ್ಲಿ ತೀರಿತು.

"ಎಷ್ಟು? ಎಷ್ಟೇ?"

"ಇಪ್ಪತ್ತಮೂರು! ಇನ್ನೊಂದ್ಸಲ ಹೋಗೋಣ ರೀ!"

ರೇಸಿನ ದಿನ ಅತ್ತೆ ತಾವೂ ಬರುತ್ತೇನೆಂದು ಹೊರಟರು. "ಮೂರೋ ನಾಲ್ಕೋ, ನಾನೇ ಕಣ್ಣಾರೆ ನೋಡ್ಬೇಕು. ನೀವಿಬ್ಬರೂ ಒಂದೇ ಪಾರ್ಟಿ." ಅವರಿಗಾಗಿ ಸೀಟು ಮತ್ತೆ ಕಾರಿನೊಳಕ್ಕೆ ಹೋಯಿತು. ಅವರ ಪಕ್ಕದಲ್ಲಿ ಮೇಸ್ತ್ರಿ, ಮಡಿಲಲ್ಲಿ ಪುಳಿಯೋಗರೆ ಡಬ್ಬಿ, ಪೂಜೆಯ ಬುಟ್ಟಿ. ನಾನು ಹೊತ್ತು ಕಳೆಯಲು ಕ್ರೋಶಾ ಚೀಲ ತಂದಿದ್ದೆ, ಆದರೆ ಕಿವಿಯೆಲ್ಲ ಇಂಜಿನ್ನಿನ ಮೇಲೇ ಇದ್ದುದರಿಂದ ದಾರಿಯಲ್ಲಿ ಒಂದು ಸುತ್ತೂ ಹೆಣೆಯಲಾಗಲಿಲ್ಲ.

ಏರ್‌ಸ್ಟ್ರಿಪ್ ಮುಟ್ಟಿದ ಮೇಲೆ ಸೀಟನ್ನು ಇಳಿಸಿ ಹುಲ್ಲಿನ ಮೇಲಿಟ್ಟರು. ಅತ್ತೆ ಅದರ ಮೇಲೆ ಸೆರಗು ಹೊದ್ದು ಕೂತರು. ಅಷ್ಟು ಜನರಲ್ಲಿ ಸೋಫಾದಂಥ ಆಸನ ಇದ್ದದ್ದು ಅವರೊಬ್ಬರಿಗೇ. ಮೇಸ್ತ್ರಿ ಕಾರ್ಬ್ಯುರೇಟರಿನ ಮೇಲಿದ್ದ ಗಾಳಿ ಸೋಸುವ ಡಬ್ಬಿ ತೆಗೆದು, ಲೇತಿನಲ್ಲಿ ಮಾಡಿಸಿದ ಎರಡು ಅಗಲ ಬಾಯಿಯ ಕೊಳವೆಗಳನ್ನು ತಿರುಗಿಸಿ ಕೂರಿಸಿದರು. ಅವಕ್ಕೆ ಅವರಿಟ್ಟ ಹೆಸರು ತುತ್ತೂರಿ. ಬಾಯಿ ತೆರೆದ ತುತ್ತೂರಿಗೆ ಧೂಳು ಹೋಗದಿರಲೆಂದು ನಾನು ಹಳೆಯ ಪಂಚೆಯ ಬಟ್ಟೆಯಲ್ಲಿ ಎಲಾಸ್ಟಿಕ್ ಹಾಕಿ ಎರಡು ಪುಟ್ಟ ಟೋಪಿ ಹೊಲಿದಿದ್ದೆ.

"ಅಮ್ಮಾ, ಹೊಸ ಸಾಮಾನು ಹಾಕಿದೀವಿ. ಪೂಜೆ ಮಾಡ್ದೆ ನಾನು ಸ್ಟಾರ್ಟ್ ಮಾಡಕ್ಕೆ ಬಿಡಲ್ಲ," ಎಂದರು ಮೇಸ್ತ್ರಿ.

ಅತ್ತೆಗೂ ಬೇಕಾಗಿದ್ದು ಅದೇ. ಬಾನೆಟ್ಟಿನ ಮುಂದೆ ಊದುಬತ್ತಿ ಹಚ್ಚಿದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಆಮೇಲೆ ಟೋಪಿಗಳನ್ನು ಕಂಡು ಹುಬ್ಬು ಗಂಟಿಕ್ಕಿದರು. "ಮುಸುಕು ಹಾಕಿ ಯಾರಾದ್ರೂ ಪೂಜೆ ಮಾಡ್ತಾರೇನೇ? ತೆಗಿ ಅದನ್ನ."

ತೆಗೆದೆ. ನನ್ನ ಕೈಯಾರೆ ತೆಗೆದೆ. ಅತ್ತೆ ಅರಿಶಿನದ ಅಕ್ಷತೆಯನ್ನು ನಮ್ಮೆಲ್ಲರ ಕೈಗೂ ಹಂಚಿದರು. ನಾಲ್ಕೂ ಜನ ಕಣ್ಣು ಮುಚ್ಚಿ, ಇಂಜಿನ್ನಿನ ಮೇಲೆ ಅಕ್ಷತೆ ಹಾಕಿದೆವು.

ಇವರು ಪೆಡಲ್ ಒತ್ತಿ ಕೀಲಿ ತಿರುಗಿಸಿದೊಡನೆ ಇಂಜಿನ್ ಗರ್ಜಿಸಿತು. ಪೆಡಲ್ ಬಿಟ್ಟರು. ಅದು ಗರ್ಜಿಸುತ್ತಲೇ ಇತ್ತು.

"ಇಳೀತಾ ಇಲ್ಲ ಮೇಸ್ತ್ರಿ! ಕಾಲು ತೆಗೆದ್ರೂ ಇಳೀತಾ ಇಲ್ಲ!"

ಆರಿಸಿದರು. ಮೇಸ್ತ್ರಿ ಕೇಬಲ್ ಸಡಿಲಿಸಿದರು, ಸ್ಪ್ರಿಂಗ್ ಬದಲಿಸಿದರು. ಮತ್ತೆ ಹಚ್ಚಿದರೆ ಅದೇ ಗರ್ಜನೆ. ಬಾವುಟ ಹಿಡಿದ ಅಧಿಕಾರಿ ಬಂದು, "ಹೀಗಿದ್ರೆ ಬಿಡಕ್ಕಾಗಲ್ಲ ಸಾರ್. ಹತ್ತು ನಿಮಿಷ ಟೈಮ್ ಕೊಡ್ತೀನಿ. ನಿಮ್ಮ ಜಾಗ ಹೋಗತ್ತೆ, ಕೊನೇ ಸಾಲಲ್ಲಿ ನಿಲ್ಬೇಕು," ಎಂದು ಹೋದರು. ಚೀಟಿ ಎತ್ತಿದಾಗ ನಮಗೆ ಸಿಕ್ಕಿದ್ದು ಎರಡನೇ ಸಾಲಿನ ಜಾಗ. ಇವರ ಮುಖ ಬಿಳಿಚಿತು. ಅತ್ತೆ ಸೀಟಿನ ಮೇಲೆ ಕೂತು ಏನೋ ಜಪಿಸುತ್ತಿದ್ದರು.

ನನ್ನ ಕಣ್ಣು ಬ್ಯಾಟರಿಯ ಮೇಲೆ ಬಿದ್ದ ಒಂದು ಹಳದಿ ಅಕ್ಕಿಕಾಳಿನ ಮೇಲೆ ನಿಂತಿತು. ಅದರ ಪಕ್ಕ ಇನ್ನೊಂದು. ಅಲ್ಲಿಂದ ತುತ್ತೂರಿಯ ತೆರೆದ ಬಾಯಿಗೆ ನಾಲ್ಕು ಬೆರಳ ದೂರ.

ಪರ್ಸಿನಿಂದ ಪೌಡರಿನ ಪುಟ್ಟ ಕನ್ನಡಿ ತೆಗೆದು ಬಿಸಿಲನ್ನು ತುತ್ತೂರಿಯೊಳಕ್ಕೆ ಹಾಯಿಸಿದೆ. ಆಳದಲ್ಲಿ, ಪೆಡಲ್ ಒತ್ತಿದಾಗ ತೆರೆದು ಬಿಟ್ಟಾಗ ಮುಚ್ಚಿಕೊಳ್ಳುವ ಹಿತ್ತಾಳೆಯ ಬಿಲ್ಲೆ ಹೊಳೆಯಿತು. ಅದರ ಅಂಚಿಗೂ ಗೋಡೆಗೂ ನಡುವೆ, ಬಾಗಿಲ ಸಂದಿಗೆ ಸಿಕ್ಕಿದ ಹಾಗೆ, ಒಂದು ಅಕ್ಷತೆ.

"ಮೇಸ್ತ್ರಿ, ಕನ್ನಡಿ ಹಿಡ್ಕೊಳ್ಳಿ. ಅಲುಗಾಡಿಸ್ಬೇಡಿ. ರೀ, ಪೆಡಲ್ ಮೆಲ್ಲಗೆ ಒತ್ತಿ. ಸಾಕು, ಸಾಕು."

ಕ್ರೋಶಾ ಕಡ್ಡಿಯನ್ನು ಒಳಗಿಳಿಸಿದೆ. ಕಾಳು ಕೆಳಗೆ ಜಾರಿದರೆ ಇಂಜಿನ್ನಿನ ಹೊಟ್ಟೆ ಸೇರುತ್ತದೆ. ಉಸಿರು ಬಿಗಿಹಿಡಿದು, ಬಿಟ್ಟುಹೋದ ಹೊಲಿಗೆಯನ್ನು ಎತ್ತುವಂತೆ, ಕೊಕ್ಕೆಯನ್ನು ಕಾಳಿನ ಕೆಳಗೆ ತೂರಿಸಿ ಗೋಡೆಗುಂಟ ಮೇಲೆಳೆದೆ. ಒಮ್ಮೆ ಜಾರಿತು. ಎರಡನೇ ಸಲ ಬಂತು!

"ಮೇಡಂ, ಇದು..." ಎಂದು ಮೇಸ್ತ್ರಿ ಬಾಯಿ ತೆರೆದರು. ನಾನು ಅತ್ತೆಯ ಕಡೆ ಕಣ್ಣು ಹಾಯಿಸಿ ತುಟಿಯ ಮೇಲೆ ಬೆರಳಿಟ್ಟೆ. ಕಾಳನ್ನು ಕರ್ಚೀಫಿನ ತುದಿಗೆ ಗಂಟು ಹಾಕಿದೆ. ಇನ್ನೊಂದು ತುತ್ತೂರಿಯನ್ನೂ ನೋಡಿದೆ, ಏನೂ ಇರಲಿಲ್ಲ. ಕೀಲಿ ತಿರುಗಿತು. ಇಂಜಿನ್ ಏರಿತು, ಇಳಿಯಿತು, ಸಾಕುಬೆಕ್ಕಿನಂತೆ ಗುರುಗುಟ್ಟುತ್ತಾ ನಿಂತಿತು.

ಒಂಬತ್ತು ಕಾರುಗಳು, ಐದು ಸುತ್ತು. ನಮ್ಮದು ಒಂಬತ್ತನೆಯದು. ಬಾವುಟ ಬಿದ್ದದ್ದೇ ತಡ, ಧೂಳೋ ಧೂಳು, ಸುಟ್ಟ ರಬ್ಬರಿನ ವಾಸನೆ, ಎದೆಯೊಳಗೇ ಓಡುವಂಥ ಸದ್ದು. ಮೊದಲ ಸುತ್ತಿಗೆ ಏಳು. ನೇರ ದಾರಿಯಲ್ಲಿ ನಮ್ಮ ಕೆನೆಬಣ್ಣದ ಕಾರು ಒಂದರ ಪಕ್ಕದಿಂದ ಜಾರಿ ಮುಂದೆ ಬಂದಾಗ, ನನ್ನ ಕಿರುಬೆರಳು ಸವರಿದ ಆ ನುಣುಪು ನೆನಪಾಯಿತು. ಮೂರನೇ ಸುತ್ತಿಗೆ ಐದು. "ಬಿಡ್ಬೇಡಿ ಸಾರ್, ಸಖತ್!" ಎಂದು ಮೇಸ್ತ್ರಿ ಕುಣಿಯುತ್ತಿದ್ದರು. ಹಿಂದಿನಿಂದ, "ಒತ್ತೋ! ಇನ್ನೂ ಒತ್ತೋ! ಅವನ್ಯಾವನೋ ಅಡ್ಡ ಬರ್ತಾನೆ!" ಎಂಬ ಕೂಗು. ತಿರುಗಿ ನೋಡಿದರೆ ಅತ್ತೆ ಸೀಟಿನ ಮೇಲೆ ನಿಂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿ.

ಕೊನೆಯ ಸುತ್ತಿನಲ್ಲಿ ಇವರು ನಾಲ್ಕನೆಯವರು. ಮೂರನೆಯ ಕಾರಿನ ಬಾಗಿಲವರೆಗೂ ಬಂದರು. ಇನ್ನೊಂದು ಬಾನೆಟ್ಟಿನಷ್ಟು ಬೇಕಿತ್ತು. ಗೆರೆ ಮೊದಲೇ ಬಂದುಬಿಟ್ಟಿತು.

ಇವರು ಇಳಿದು ಹೆಲ್ಮೆಟ್ ಕೈಯಲ್ಲಿ ಹಿಡಿದು ನೇರ ಅತ್ತೆಯ ಮುಂದೆ ಬಂದು ನಿಂತರು. ಕಿವಿಯೇನೋ ಕೆಂಪಗಿತ್ತು, ಮುಖ ಮಾತ್ರ ಸೋತಿತ್ತು. "ನಾಲ್ಕು ಕಣಮ್ಮ. ಮಾತು ಮಾತೇ. ನಾಳೆ ಬಿಚ್ಚಿಸ್ತೀನಿ."

ಅಕ್ಕಿಕಾಳಿನ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಪೂಜೆ ಮಾಡಿದ ತಾಯಿಗೆ ಅವರು ಅದನ್ನು ಹೇಳುವವರೇ ಅಲ್ಲ. ನಾನೂ ಹೇಳಬಾರದೆಂದೇ ಇದ್ದೆ. ಆದರೆ ಬಾಗಿಲವರೆಗೂ ಬಂದಿದ್ದರಲ್ಲ! ಕರ್ಚೀಫಿನ ಗಂಟು ಬಿಚ್ಚಿದೆ.

"ಅತ್ತೆ, ಇದು ತುತ್ತೂರಿಯೊಳಗೆ ಸಿಕ್ಕಿಹಾಕ್ಕೊಂಡಿತ್ತು. ಟೋಪಿ ತೆಗೆದೋಳು ನಾನೇ. ತಪ್ಪು ನಂದು."

ಅತ್ತೆ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಕನ್ನಡಕ ಸರಿಮಾಡಿಕೊಂಡರು. "ಇದು ಯಾರು ಹಾಕಿದ ಕಾಳೇ?"

"ಯಾರಿಗೆ ಗೊತ್ತು ಅತ್ತೆ? ನಾಲ್ಕೂ ಜನ ಹಾಕಿದ್ವಿ."

"ಇದು ಸಿಕ್ಕಿಹಾಕ್ಕೊಳ್ದಿದ್ರೆ ಎಲ್ಲಿಂದ ಹೊರಡ್ತಿದ್ದ ಇವನು?"

"ಎರಡನೇ ಸಾಲಿಂದ ಅಮ್ಮ," ಎಂದರು ಮೇಸ್ತ್ರಿ, ಸ್ವಲ್ಪ ದೂರ ಸರಿದು ನಿಂತು.

ಹೊಗೆ ಕಾರುತ್ತಾ ನಿಂತಿದ್ದ ಕಾರಿನ ಕಡೆ ಅತ್ತೆ ತಿರುಗಿ ನೋಡಿದರು. ಆಮೇಲೆ ಕಾಳನ್ನು ಹುಲ್ಲಿಗೆ ಹಾಕಿ ಕೈ ಕೊಡವಿದರು.

"ಮುಂದಿನ ವರ್ಷ ಹೂವು ಸಾಕು. ಅಕ್ಷತೆ ಬೇಡ."

ಇವರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದದ್ದೇ ಅಲ್ಲಿಯೇ, ಅಷ್ಟು ಜನರ ಮುಂದೆ, ಬಗ್ಗಿ ಅವರ ಕಾಲು ಮುಟ್ಟಿದರು. ಮೇಸ್ತ್ರಿ ಪುಳಿಯೋಗರೆ ಡಬ್ಬಿಯ ಮುಚ್ಚಳ ತೆಗೆದರು.

ಸಂಜೆ ಸೀಟು ಮತ್ತೆ ಒಳಕ್ಕೆ ಹೋಯಿತು. ಊರ ದಾರಿಯಲ್ಲಿ ಇವರು ತಾಯಿಗೆ ಕುಲುಕದಿರಲೆಂದು ನಿಧಾನವಾಗಿ, ತಿರುವು ಬರುವ ಎಷ್ಟೋ ಮೊದಲೇ ಕೈ ಚಾಚಿ, ಜೋಪಾನವಾಗಿ ಓಡಿಸುತ್ತಿದ್ದರು. ಒಬ್ಬ ಸೈಕಲ್ಲಿನವನು ಬೆಲ್ ಮಾಡಿಕೊಂಡು ನಮ್ಮನ್ನು ದಾಟಿದ. ಹಿಂದಿನಿಂದ ಅತ್ತೆಯ ಧ್ವನಿ ಬಂತು.

"ನಿಮ್ಮಪ್ಪನ ಹಾಗೆ ಓಡಿಸ್ಬೇಡ್ವೋ. ಮನೆಗೆ ಹೋಗಿ ದೀಪ ಹಚ್ಬೇಕು. ಒತ್ತು."