ಹೊಟ್ಟೆಗೆ ಹಾಕಿಕೊಂಡದ್ದು

ಬಸ್ ಡಿಪೋದಲ್ಲಿ ಹರಿದ ಸೀಟುಗಳನ್ನು ಹೊಲಿಯುವುದು ಅವಳ ಕೆಲಸ. ಹಳೆಯ ರೆಕ್ಸಿನ್ ಕಿತ್ತು, ಒಳಗೆ ಚಪ್ಪಟೆಯಾದ ಸ್ಪಂಜನ್ನು ಬದಲಿಸಿ, ದಬ್ಬಳದಿಂದ ಅಂಚು ಬಿಗಿದಳೆಂದರೆ ಆ ಸೀಟು ಮತ್ತೆ ಬಾಯಿ ಬಿಡುತ್ತಿರಲಿಲ್ಲ. ಡಿಪೋದವರೆಲ್ಲ ಅವಳನ್ನು ಸೀಟಮ್ಮ ಎಂದೇ ಕರೆಯುತ್ತಿದ್ದರು. "ಜನ ನೆಟ್ಟಗೆ ಕೂತಿದಾರೆ ಅಂದ್ರೆ ಅದು ಸೀಟಮ್ಮನ ಪುಣ್ಯ" ಎಂದು ಯಾರಾದರೂ ಡ್ರೈವರ್ ಛೇಡಿಸಿದರೆ, "ನೀನು ಬ್ರೇಕು ನೆಟ್ಟಗೆ ಹಾಕಪ್ಪ, ಇನ್ನೂ ನೆಟ್ಟಗೆ ಕೂರ್ತಾರೆ" ಎಂದು ತಲೆ ಎತ್ತದೆಯೇ ಹೇಳುವವಳು.

ಗಂಡ ಅದೇ ಡಿಪೋದಲ್ಲಿ ಮೆಕ್ಯಾನಿಕ್. ನಗುಮುಖದವನು, ಎಲ್ಲರಿಗೂ ಬೇಕಾದವನು. ಹಿರಿಯ ಮಗಳು ಆಗತಾನೇ ಶಾಲೆಗೆ ಸೇರಿದ್ದ ಕಾಲ. ಒಂದು ಮಧ್ಯಾಹ್ನ ಶೆಡ್ಡಿನ ಕೊನೆಯಲ್ಲಿ ನಿಂತಿದ್ದ ಬಸ್ಸಿನ ಸೀಟಿನ ಅಳತೆ ತೆಗೆದುಕೊಳ್ಳಲು ಟೇಪು ಹಿಡಿದು ಹತ್ತಿದಳು. ಹಿಂದಿನ ಉದ್ದ ಸೀಟಿನಲ್ಲಿ ಟಿಕೆಟ್ ಕೌಂಟರಿನ ಹೆಂಗಸು ಕೂತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಇವಳ ಗಂಡ ನಿದ್ದೆ ಹೋಗಿದ್ದ. ಬೇರೇನಾದರೂ ಕಂಡಿದ್ದರೆ ಕಿರುಚುತ್ತಿದ್ದಳೋ ಏನೋ. ಆ ನಿದ್ದೆ ಅವಳ ಬಾಯಿ ಕಟ್ಟಿಹಾಕಿತು. ಮದುವೆಯಾದಾಗಿನಿಂದ ಅವನು ಅಷ್ಟು ನೆಮ್ಮದಿಯಾಗಿ ಮಲಗಿದ್ದನ್ನು ಅವಳು ನೋಡಿರಲಿಲ್ಲ. ಕೌಂಟರಿನವಳು ಕಣ್ಣೆತ್ತಿ ನೋಡಿದಳು. ಇವಳು ಸದ್ದಿಲ್ಲದೆ ಇಳಿದು ಹೋದಳು.

ಸಂಜೆ ಮನೆಯಲ್ಲಿ ಅವನು ಗೋಳೋ ಎಂದು ಅತ್ತ. ವರ್ಷದಿಂದ ನಡೆದಿದ್ದೆಂದು ಒಪ್ಪಿಕೊಂಡ, ಇನ್ನು ಆ ಕಡೆ ತಿರುಗಿಯೂ ನೋಡುವುದಿಲ್ಲವೆಂದು ಮಗಳ ತಲೆ ಮುಟ್ಟಿ ಹೇಳಿದ. ಅತ್ತೆ ಪಕ್ಕದಲ್ಲಿ ಬಂದು ಕೂತರು. "ಒಂದ್ಸಲ ಕಾಲು ಜಾರಿದಾನೆ ಕಣಮ್ಮ. ಹೊಟ್ಟೆಗೆ ಹಾಕ್ಕೊಂಡುಬಿಡು."

ಅಣ್ಣನ ಮನೆಗೆ ಹೋಗಿ, ಇನ್ನು ಇಲ್ಲೇ ಇರಲೇ ಎಂದು ಕೇಳಿದಳು. ಅಣ್ಣ ಅತ್ತಿಗೆಯ ಮುಖ ನೋಡಿದ, ಅತ್ತಿಗೆ ಒಲೆಯ ಮೇಲಿನ ಪಾತ್ರೆ ನೋಡಿದಳು. ಉತ್ತರ ಅಲ್ಲಿಗೇ ಮುಗಿಯಿತು. ಮಗಳ ಕೈ ಹಿಡಿದು ವಾಪಸ್ಸು ಬಂದಳು. ಹೊಟ್ಟೆಗೆ ಹಾಕಿಕೊಂಡಳು ನಿಜ, ಆದರೆ ಅದು ಅರಗಲಿಲ್ಲ.

ಗಂಡ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಕೌಂಟರಿನವಳು ಬೇರೆ ಊರಿಗೆ ವರ್ಗವಾಗಿ ಹೋದಳು. ಅವನು ಹೊತ್ತಿಗೆ ಸರಿಯಾಗಿ ಮನೆಗೆ ಬಂದ, ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗಿದ. ಮಕ್ಕಳು, ಏಕೆಂದರೆ ಎರಡನೆಯವಳೂ ಹುಟ್ಟಿದಳು. ಅವಳು ಹೊಟ್ಟೆಯಲ್ಲಿದ್ದಾಳೆಂದು ಗೊತ್ತಾದ ದಿನ ಸೀಟಮ್ಮ ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಿದ್ದಳು. ಹಾಸಿಗೆಯಲ್ಲಿ ಬೇಡ ಅನ್ನಲು ಅವಳಿಗೆ ಬಾಯಿ ಬಂದಿರಲಿಲ್ಲ. ಬೇಕು ಅಂತಲೂ ಯಾವತ್ತೂ ಅಂದಿರಲಿಲ್ಲ.

ಹಿರಿಯವಳ ಮದುವೆಯಾಯಿತು. ಕಿರಿಯವಳು ನರ್ಸಿಂಗ್ ಓದಲು ಹಾಸ್ಟೆಲ್ ಸೇರಿದಳು. ಅತ್ತೆ ತೀರಿಕೊಂಡರು. ಗಂಡ ನಿವೃತ್ತನಾದ ದಿನ ಡಿಪೋದಲ್ಲಿ ಕುರ್ಚಿ ಹಾಕಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಅವನು ಮೈಕು ಹಿಡಿದು, "ನಮ್ಮೋಳು ದೊಡ್ಡ ಮನಸ್ಸಿನೋಳು. ನಾನು ಮಾಡಿದ ತಪ್ಪನ್ನೆಲ್ಲ ಯಾವಾಗ್ಲೋ ಮರ್ತಿದಾಳೆ!" ಎಂದ. ಎಲ್ಲರೂ ನಕ್ಕರು. ವಿಷಯ ಗೊತ್ತಿದ್ದ ಹಳಬರು ಸ್ವಲ್ಪ ಹೆಚ್ಚು ಹೊತ್ತು ನಕ್ಕರು.

ಮರುವಾರವೇ ಅವಳು ವಿಚ್ಛೇದನಕ್ಕೆಂದು ವಕೀಲರನ್ನು ಹುಡುಕಿಕೊಂಡು ಹೋದಳು.

ಜೆರಾಕ್ಸ್ ಅಂಗಡಿಯ ಮೇಲಿನ ಇಕ್ಕಟ್ಟಾದ ಕೋಣೆ. ವಕೀಲೆಗೆ ಅವಳ ಹಿರಿಮಗಳ ವಯಸ್ಸು. ಎಲ್ಲ ಕೇಳಿಸಿಕೊಂಡು, "ಗೊತ್ತಾದ ಮೇಲೂ ಜೊತೆಗೇ ಇದ್ರಾ?" ಎಂದಳು.

"ಹೂಂ."

"ಮಗೂನೂ ಆಯ್ತಾ?"

"ಹೂಂ."

ವಕೀಲೆ ಪೆನ್ನು ಕೆಳಗಿಟ್ಟಳು. "ಕೋರ್ಟು ಅದನ್ನ ಕ್ಷಮೆ ಅಂತ ತಗೊಳ್ಳುತ್ತೆ ಅಮ್ಮ, ಕ್ಷಮಿಸಿದ ತಪ್ಪಿಗೆ ಡೈವೋರ್ಸ್ ಕೊಡಲ್ಲ. ಅವರೂ ಒಪ್ಪಿದ್ರೆ ಸುಲಭ."

ಅವನು ಒಪ್ಪಲಿಲ್ಲ. ಅವನಿಗೆ ಕೋಪಕ್ಕಿಂತ ಅಚ್ಚರಿಯೇ ಹೆಚ್ಚಾಗಿತ್ತು. "ಅಲ್ವೇ, ಅದಾಗಿ ಎಷ್ಟು ಕಾಲ ಆಯ್ತು! ಆಮೇಲೆ ನಾನು ಏನು ಕಮ್ಮಿ ಮಾಡಿದೀನಿ ನಿಂಗೆ?"

"ಕಮ್ಮಿ ಏನೂ ಮಾಡಿಲ್ಲ ರೀ. ನಂಗೆ ಸಾಕಾಗಿದೆ, ಅಷ್ಟೇ."

ಹಿರಿಮಗಳು ಫೋನಿನಲ್ಲೇ ಸಿಡುಕಿದಳು. "ಈ ವಯಸ್ಸಲ್ಲಿ ಇದೇನಮ್ಮ ನಿಂದು? ನಮ್ಮತ್ತೆ ಮಾವಂಗೆ ನಾನು ಯಾವ ಮುಖ ತೋರಿಸ್ಲಿ?" ಕಿರಿಯವಳು ಮಾತ್ರ ಏನೂ ಕೇಳದೆ ವಿಚಾರಣೆಯ ದಿನ ಜೊತೆಗೆ ಬಂದಳು.

ಒಳಗೆ ಹೋಗುವ ಮೊದಲು ವಕೀಲೆ ಅವಳನ್ನು ಮೆಟ್ಟಿಲ ಮರೆಗೆ ಕರೆದು ಪಿಸುಗುಟ್ಟಿದಳು. "ಇರೋದು ಒಂದೇ ದಾರಿ. ಆ ಮಗು ನಿಮ್ಮ ಮನಸ್ಸಿಗೆ ವಿರುದ್ಧವಾಗಿ ಆಗಿದ್ದು ಅಂತ ಹೇಳಿ. ನೀವು ನನ್ನ ಹತ್ರ ಹೇಳಿದ್ದೂ ಅದನ್ನೇ ತಾನೇ?"

ನ್ಯಾಯಾಧೀಶರು ಸಮಾಧಾನದ ಮನುಷ್ಯ. ಗಂಡನ ಕಡೆಯ ವಕೀಲರೂ ದನಿ ಏರಿಸಲಿಲ್ಲ. ಗಂಡನ ಕಾಲು ಮುರಿದಾಗ ಆಸ್ಪತ್ರೆಯಲ್ಲಿ ನೋಡಿಕೊಂಡವರು ಯಾರು? ನಾನೇ. ಮಗಳ ಮದುವೆಯಲ್ಲಿ ಜೊತೆಗೆ ನಿಂತು ಫೋಟೋ ತೆಗೆಸಿಕೊಂಡಿರಾ? ತೆಗೆಸಿಕೊಂಡೆ. ಅವಳು ಮಾಡಿದ ಒಂದೊಂದು ಒಳ್ಳೆಯ ಕೆಲಸವೂ ಎದ್ದು ಬಂದು ಅವಳ ಎದುರೇ ಸಾಕ್ಷಿ ನುಡಿಯಿತು.

"ಹಾಗಾದ್ರೆ ಕ್ಷಮಿಸಿದ್ರಿ."

"ಇಲ್ಲ ಸ್ವಾಮಿ. ಹೋಗೋಕೆ ಜಾಗ ಇರ್ಲಿಲ್ಲ."

"ಸರಿ. ಎರಡನೇ ಮಗು? ಅದೂ ಜಾಗ ಇಲ್ಲದ್ದಕ್ಕೇ ಆಯ್ತಾ?"

ಅವಳು ತಿರುಗಿ ನೋಡಿದಳು. ಹಿಂದಿನ ಬೆಂಚಿನಲ್ಲಿ ಕಿರಿಯವಳು ಬ್ಯಾಗನ್ನು ಎದೆಗೆ ಅವುಚಿಕೊಂಡು, ಕಣ್ಣು ಮಿಟುಕಿಸದೆ ಕೂತಿದ್ದಳು. ವಕೀಲೆ ಮೆಲ್ಲಗೆ ತಲೆಯಾಡಿಸಿ, ಹೇಳಿ, ಹೇಳಿ, ಎಂದು ಕಣ್ಣಲ್ಲೇ ಒತ್ತಾಯಿಸುತ್ತಿದ್ದಳು.

"ಅವಳು ನಂಗೆ ಬೇಕಾಗೇ ಹುಟ್ಟಿದೋಳು" ಎಂದಳು ಸೀಟಮ್ಮ.

ಗಂಡನ ವಕೀಲರು "ಇನ್ನೇನೂ ಕೇಳೋದಿಲ್ಲ" ಎಂದು ಕೂತರು. ಅರ್ಜಿ ವಜಾ ಆಯಿತು. ನ್ಯಾಯಾಧೀಶರು ಕನ್ನಡಕ ತೆಗೆದು, ಇಷ್ಟು ಕಾಲ ಬಾಳಿದವರು ಇನ್ನು ಉಳಿದದ್ದನ್ನೂ ಚೆನ್ನಾಗಿ ಬಾಳಿ ಎಂದು ಇಬ್ಬರಿಗೂ ಹಾರೈಸಿದರು.

ವಕೀಲೆ ಮೇಲಿನ ಕೋರ್ಟಿನ ಮಾತೆತ್ತಿದಳು. "ಅಲ್ಲೂ ಇದನ್ನೇ ಕೇಳ್ತಾರೆ ಅಲ್ವಾ ಮೇಡಂ?" ಎಂದು ಸೀಟಮ್ಮ ಕೇಳಿದಾಗ ಫೈಲು ಮುಚ್ಚಿದಳು.

ಹೊರಗಿನ ವರಾಂಡದಲ್ಲಿ ಕಿರಿಯವಳು ಕೇಳಿದಳು. "ಅಮ್ಮಾ, ಒಳಗೆ ಹೇಳಿದ್ದು ನಿಜಾನಾ?"

"ನಿಜ ಕಣೇ."

"ನಾನು ಹುಟ್ಟದೇ ಇದ್ದಿದ್ರೆ ನೀನು ಗೆಲ್ತಿದ್ದೆ."

"ಹುಚ್ಚುಹುಚ್ಚಾಗಿ ಮಾತಾಡ್ಬೇಡ."

ಹುಡುಗಿ ತಾಯಿಯ ಮುಖವನ್ನೇ ನೋಡಿದಳು. ನಂಬಿದಂತೆ ಕಾಣಲಿಲ್ಲ. ಡ್ಯೂಟಿಗೆ ಹೊತ್ತಾಯಿತೆಂದು ಹೇಳಿ, ಕೈಯನ್ನೊಮ್ಮೆ ಹಿಡಿದು ಬಿಟ್ಟು, ಗೇಟಿನ ಕಡೆ ನಡೆದಳು. ತಿರುಗಿ ನೋಡಲಿಲ್ಲ. ಕೇಸೂ ಗೆಲ್ಲಲಿಲ್ಲ, ಉಳಿಸಿಕೊಳ್ಳಲು ಹೊರಟ ಮಗಳೂ ಪೂರ್ತಿ ಉಳಿದಳೆನ್ನುವ ಭರವಸೆಯಿಲ್ಲ ಎಂದು ಸೀಟಮ್ಮನಿಗೆ ನಿಂತಲ್ಲೇ ಅನ್ನಿಸಿತು.

ಗಂಡ ಹತ್ತಿರ ಬಂದು ಕೆಮ್ಮಿದ. ಅವನ ಕಣ್ಣು ತುಂಬಿತ್ತು. "ನೀನು ಎಲ್ಲರ ಮುಂದೆ ಅಂಥ ಮಾತು ಹೇಳ್ತೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ ಕಣೇ. ನಂಗೆ ಅಷ್ಟೇ ಸಾಕು."

ಅದು ನಿಮಗಾಗಿ ಹೇಳಿದ್ದಲ್ಲ ಎನ್ನಲು ಬಾಯಿ ತೆರೆದಳು. ಹೇಳಿದರೆ ಅವನು ಏಕೆ ಎಂದು ಕೇಳುತ್ತಾನೆ, ಅದಕ್ಕೆ ಉತ್ತರ ಕೊಡಬೇಕಾಗುತ್ತದೆ, ಉತ್ತರ ಮಗಳ ಕಿವಿಗೂ ಬೀಳುತ್ತದೆ.

"ನಡೀರಿ" ಎಂದಳು.