ಮಲ್ಲಿಗೆಯ ಬುಡಕ್ಕೆ ಚಿಪ್ಪಿನ ಸುಣ್ಣ

ನನ್ನ ತಂಗಿ ನೆಟ್ಟ ಮಲ್ಲಿಗೆ ಗಿಡವನ್ನು ಕೊಂದವನು ನಾನೇ. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಅಂಕೋಲೆಯ ಕಡಲ ದಂಡೆಯ ಮನೆ ಬಿಟ್ಟು ನಾವು ಕಾರವಾರದ ಶಿರವಾಡಕ್ಕೆ ಬಂದದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ. ಅದರ ಹಿಂದಿನ ಮಳೆಗಾಲದಲ್ಲಿ ತಂಗಿ ಜ್ವರ ಬಂದು ತೀರಿಕೊಂಡಿದ್ದಳು. ಅವಳ ಗಿಡವನ್ನು ನಮ್ಮಿಬ್ಬರನ್ನು ಹೆತ್ತ ಆಯಿ ಬೇರಿನ ಮಣ್ಣಿನ ಸಮೇತ ಗೋಣಿಯಲ್ಲಿ ಕಟ್ಟಿ, ಟೆಂಪೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ದಂಡೆಯ ಮರಳಿನಲ್ಲಿ ಬೆಳೆದ ಗಿಡ; ಇಲ್ಲಿಯ ಕೆಂಪು ಮಣ್ಣಿನಲ್ಲಿ ಎಲೆಯೆಲ್ಲ ಹಳದಿಯಾಯಿತು. ಮೊಗ್ಗಿನ ಮಾತೇ ಇಲ್ಲ. ತಂಗಿಯ ವರ್ಷಾಂತಿಕಕ್ಕೆ ಆ ಗಿಡದ ಹೂವೇ ಬೇಕೆಂದು ಆಯಿಯ ಹಟ.

ಮಣ್ಣನ್ನು ಪೊಟ್ಟಣ ಕಟ್ಟಿ ಕೃಷಿ ಇಲಾಖೆಯ ಕಚೇರಿಯಲ್ಲಿ ಪರೀಕ್ಷೆಗೆ ಕೊಟ್ಟೆ. ಅಲ್ಲಿಯ ಸಾಹೇಬರು ಚೀಟಿ ನೋಡಿ, "ಹುಳಿ ಜಾಸ್ತಿ ಅದೆ. ಅರಳಿ ತಣಿದ ಸುಣ್ಣದ ಪುಡಿ ಹಾಕಿ, ಒಂದೊಂದೇ ಮುಷ್ಟಿ, ಬುಡದಿಂದ ದೂರ. ತಿಂಗಳು ಬಿಟ್ಟು ಮತ್ತೆ ನೋಡುವಾ. ಗಡಿಬಿಡಿ ಬೇಡ," ಎಂದರು. ಗಡಿಬಿಡಿ ಬೇಡವಂತೆ! ವರ್ಷಾಂತಿಕಕ್ಕೆ ಉಳಿದದ್ದೇ ಒಂದೂವರೆ ತಿಂಗಳು.

ಮೀನುಗಾರರ ಮನೆಯವನಿಗೆ ಸುಣ್ಣದ ಪಾಠವೇ ಎಂಬ ಸೊಕ್ಕು ಬೇರೆ. ಸಾರು ಮಾಡಿ ತಿಂದ ಬೆಳಚಿನ ಕಪ್ಪೆಚಿಪ್ಪು ಹಿತ್ತಿಲಲ್ಲಿ ರಾಶಿ ಬಿದ್ದಿತ್ತು. ಅದನ್ನೇ ಸುಟ್ಟು ಗೋಡೆಗೂ ಎಲೆಯಡಿಕೆಗೂ ಸುಣ್ಣ ಮಾಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಇದ್ದಿಲು ಹಾಕಿ ಸುಟ್ಟೆ.

"ತಮಾ, ನೀರ್ ಹಾಕಿ ಅರಳ್ಸಿ ನಾಲ್ಕ್ ದಿನ ಇಡೂದು ಅದು. ಮೊದ್ಲು ಒಂದ್ ಟೊಂಗೆ ಆದ್ರೂ ಬೇರೆ ಕಡೆ ಊರಿಡು ಮಾರಾಯಾ," ಎಂದಳು ಆಯಿ.

"ನಿಂಗೆಂತಾ ಗೊತ್ತು, ಸುಮ್ನಿರು," ಎಂದೆ. ಅರ್ಧ ಬುಟ್ಟಿ ಅರಳಿಸದ ಹಸಿ ಸುಣ್ಣವನ್ನು ಬುಡಕ್ಕೇ ಸುರಿದು ಒಂದು ಕೊಡ ನೀರು ಹೊಯ್ದೆ. ಚುಯ್ ಎಂದು ಹಬೆ ಎದ್ದಿತು.

"ಅಯ್ಯೋ, ಸುಟ್ಬಿಟ್ಯಲ್ಲೋ!" ಆಯಿ ಓಡಿ ಬಂದು ಬರಿಗೈಯಲ್ಲೇ ಸುಣ್ಣ ಬಾಚಿದಳು. ಅವಳ ಬೆರಳುಗಳಲ್ಲಿ ಬೊಕ್ಕೆ ಎದ್ದವು. ಎಂಟು ದಿನದಲ್ಲಿ ಗಿಡ ಒಣಗಿತು. ವರ್ಷಾಂತಿಕಕ್ಕೆ ಪೇಟೆಯಿಂದ ಹೂವು ತಂದೆವು. ಬೊಕ್ಕೆಯ ಕಲೆ ಉಳಿದ ಬೆರಳುಗಳಲ್ಲೇ ಆಯಿ ಅದನ್ನು ಮಾಲೆ ಕಟ್ಟಿದಳು.

ಮಳೆಗಾಲ ಮುಗಿದ ಮೇಲೆ, ಯಾಕೋ ತಡೆಯಲಾಗದೆ, ಅದೇ ಜಾಗದ ಮಣ್ಣನ್ನು ಮತ್ತೆ ಪರೀಕ್ಷೆಗೆ ಒಯ್ದೆ. ಹುಳಿ ಇಳಿದಿತ್ತು.

"ಮಣ್ಣು ಸರಿ ಆಯ್ತಂತೆ ಆಯಿ. ಮತ್ತೊಂದು ಮಲ್ಲಿಗೆ ತಂದು ನೆಡ್ಲಾ?"

ಆಯಿ ಅಕ್ಕಿ ಆರಿಸುತ್ತಿದ್ದಳು.

"ನೆಡು. ಆದ್ರೆ ಅದು ನೀ ನೆಟ್ಟದ್ದಾಗ್ತದಲ್ಲ, ತಮಾ."