ಚಲುವಮ್ಮನ ಯೋಗಕ್ಷೇಮ

ಮಳವಳ್ಳಿ ಸಂತೆಯಲ್ಲಿ ವೀಳ್ಯದೆಲೆ ಮಾರುವ ಚಲುವಮ್ಮನನ್ನು ಯಾರಾದರೂ "ಎಂಗಿದ್ದೀಯಕ್ಕಾ?" ಅಂದರೆ, "ನನ್ ತಮ್ಮ ಚೆಂದಾಗವ್ನೆ ಕಣಪ್ಪ" ಅನ್ನುವಳು. ಎಪ್ಪತ್ಮೂರನೇ ಇಸವಿಯಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಹೋಗಿ ಅವನಿಗೆ ತನ್ನದೊಂದು ಕಿಡ್ನಿ ಕೊಟ್ಟು ಬಂದ ಮೇಲೆ ಅವಳಿಗೆ ಬೇರೆ ಯೋಗಕ್ಷೇಮವೇ ಉಳಿಯಲಿಲ್ಲ. ಅವನಿಗೆ ನೆಗಡಿಯಾದರೆ ಇವಳು ಕಷಾಯ ಕುಡಿಯುವಳು. ತನ್ನ ಕಾಲು ಊದಿಕೊಂಡರೆ ಮಾತ್ರ "ನಡೆದದ್ದು ಜಾಸ್ತಿಯಾಯ್ತು" ಅಂದು ಸೆರಗು ಕೊಡವುವಳು. ವರ್ಷಕ್ಕೊಮ್ಮೆ ಆಸ್ಪತ್ರೆಯಿಂದ ಬರುವ ಕಾರ್ಡನ್ನು, ತಮ್ಮನ ವಿಚಾರವೇ ಇರಬೇಕೆಂದು, ಓದಿಸದೆ ದೇವರ ಪಟದ ಹಿಂದೆ ಸಿಕ್ಕಿಸುವಳು. ಐದನೇ ವರ್ಷ ತಮ್ಮ ತೀರಿಕೊಂಡ. ತಿಥಿ ಮುಗಿದ ವಾರಕ್ಕೇ ಮತ್ತೆ ಕಾರ್ಡು ಬಂತು. "ಅವ್ನಿಲ್ಲ ಕಣಪ್ಪ, ವಾಪಸ್ ತಗೊಂಡೋಗು" ಅಂದಳು. ಪೋಸ್ಟಿನವನು ಓದಿ ನೋಡಿ, "ಇದು ನಿನ್ನೆಸ್ರಿಗೇ ಬಂದದೆ ಕಣಕ್ಕ. ನೀನು ಎಂಗಿದ್ದೀಯ, ಈ ಸಲನಾದ್ರೂ ಬಂದು ತೋರಿಸ್ಕೊ ಅಂತ ಬರ್ದವ್ರೆ" ಅಂದ. ಚಲುವಮ್ಮ ವಾಡಿಕೆಯಂತೆ "ನನ್ ತಮ್ಮ" ಅಂತ ಶುರುಮಾಡಿದವಳು, ಊದಿದ ಕಾಲು ಹಿಡಿದುಕೊಂಡು ಹೊಸ್ತಿಲ ಮೇಲೇ ಕುಳಿತುಬಿಟ್ಟಳು.